ಟೊಮ್ಯಾಟೊ ಬೆಳೆಯ ಕೀಟ ನಿಯಂತ್ರಣ: ಸಿಂಪಡಣೆಯ ಲಾಭ–ನಷ್ಟದ ಲೆಕ್ಕ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಪೇಟೆಗಳಲ್ಲಿ ಕೀಟನಾಶಕ, ರಸಗೊಬ್ಬರ ಮತ್ತು ಬಿತ್ತನೆ ಬೀಜಗಳ ವ್ಯಾಪಾರ ನಡೆಸುವವರ ಖಾತೆ ಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ತೆಂಗು, ಅಡಕೆ, ರಾಗಿ ಬೆಳೆಗಾರರ ಉದ್ರಿ ಖಾತೆಗಳು ನಿಧಾನವಾಗಿಯಾದರೂ ಚುಕ್ತಾ ಆಗುತ್ತವೆ. ಟೊಮ್ಯಾಟೊ ಬೆಳೆಗಾರರ ಖಾತೆಯಾದರೋ ಒಂದು ವರ್ಷ ಬಡ್ಡಿಸಹಿತ ತೀರಿ, ಮರುವರ್ಷ ದೊಡ್ಡ ಮೊತ್ತದಲ್ಲಿ ನಿಂತುಬಿಡುತ್ತದೆ. ನಿಂತ ಬಾಕಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಬೀಜ ಮತ್ತು ಗೊಬ್ಬರದ ಪಾಲು ಕಡಿಮೆ. ವಾರಕ್ಕೊಮ್ಮೆ ಒಯ್ದ ಸಿಂಪಡಣೆ ಔಷಧಿಗಳ ಪಾಲೇ ಹೆಚ್ಚು. ಆದುದರಿಂದ ಟೊಮ್ಯಾಟೊ ಗಿಡದ ಮೇಲಿನ ಹುಳುವಿನ ವಿಚಾರವು ಬೆಳೆಗಾರನೊಬ್ಬನದೇ ಅಲ್ಲ. ಉದ್ರಿ ಕೊಟ್ಟ ವರ್ತಕನದೂ, ಹಣ್ಣನ್ನು ಕೊಳ್ಳುವ ಮಂಡಿಯವರದೂ, ಅದರಿಂದ ಸಾಸ್ ತಯಾರಿಸುವ ಸಣ್ಣ ಉದ್ದಿಮೆದಾರನದೂ ಆಗಿದೆ. ಲೆಕ್ಕಪತ್ರದವನಿಗೆ ಹುಳು–ಹುಪ್ಪಟೆಗಳ ಗೊಡವೆಯೇಕೆ ಎಂದು ಕೇಳುವ ಸದಸ್ಯರಿಗೆ ಇದೇ ನನ್ನ ಸಮಾಧಾನ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಟೊಮ್ಯಾಟೊ ಪ್ರಧಾನ ಬೆಳೆಯಲ್ಲ. ಕಡೂರು ಮತ್ತು ಅಜ್ಜಂಪುರಗಳು ಮಳೆನೆರಳಿನ ಬಯಲುಸೀಮೆ. ತೆಂಗು, ರಾಗಿ, ಈರುಳ್ಳಿಗಳೇ ಅಲ್ಲಿನ ಆಧಾರ. ತರೀಕೆರೆಯು ಅರ್ಧ ಮಲೆನಾಡು. ಭದ್ರಾ ಅಚ್ಚುಕಟ್ಟಿನ ನೀರು, ಅಡಕೆ ತೋಟ ಅದರ ಭಾಗ್ಯ. ಕೊಳವೆ ಬಾವಿಯಲ್ಲಿ ಸ್ವಲ್ಪ ನೀರಿದ್ದು, ಮೂರು–ನಾಲ್ಕು ತಿಂಗಳಲ್ಲಿ ನಗದು ಕಾಣಬೇಕೆನ್ನುವ ರೈತರು ಟೊಮ್ಯಾಟೊಗೆ ಕೈಹಾಕುತ್ತಾರೆ. ಅಂದರೆ ಇದು ಸಂಪ್ರದಾಯದ ಬೆಳೆಯಲ್ಲ, ಹೂಡಿಕೆಯ ಬೆಳೆ. ಹೂಡಿಕೆಗೆ ಲೆಕ್ಕವಿರಬೇಕು, ಆದರೆ ಸಿಂಪಡಣೆಯ ವಿಷಯದಲ್ಲಿ ಲೆಕ್ಕಕ್ಕಿಂತ ಭಯವೇ ಮುಂದಾಗಿದೆ.

ಶತ್ರುವಿನ ಪರಿಚಯ

ಟೊಮ್ಯಾಟೊಗೆ ಬೀಳುವ ಕೀಟಗಳು ಹಲವಾದರೂ ಖರ್ಚು ತರುವವು ಮುಖ್ಯವಾಗಿ ಮೂರು. ಮೊದಲನೆಯದು ಕಾಯಿಕೊರಕ. ಹೆಲಿಕೋವರ್ಪ ಆರ್ಮಿಜೆರ ಎಂಬುದು ಇದರ ಶಾಸ್ತ್ರೀಯ ಹೆಸರು. ಇದು ಟೊಮ್ಯಾಟೊಗಷ್ಟೇ ಅಂಟಿಕೊಂಡ ಹುಳುವಲ್ಲ. ಕಡಲೆ, ತೊಗರಿ, ಹತ್ತಿ, ಸೂರ್ಯಕಾಂತಿ ಎಲ್ಲವೂ ಇದಕ್ಕೆ ಆಹಾರ. ಪಕ್ಕದ ಹೊಲದ ಕಡಲೆ ಒಣಗಿದಾಗ ಅಲ್ಲಿ ಬೆಳೆದ ಪತಂಗ ಹಸಿರಿರುವ ಟೊಮ್ಯಾಟೊ ತೋಟವನ್ನು ಅರಸಿ ಬರುತ್ತದೆ. ಒಂದು ಹುಳು ಒಂದೇ ಕಾಯಿಗೆ ತೃಪ್ತಿಪಡುವುದಿಲ್ಲ. ಅರ್ಧ ದೇಹವನ್ನು ಹೊರಗಿಟ್ಟು ಒಂದನ್ನು ಕೊರೆದು, ಮತ್ತೊಂದಕ್ಕೆ ಹೋಗುತ್ತದೆ. ತೂತಾದ ಕಾಯಿ ಕೊಳೆಯುತ್ತದೆ, ಮಂಡಿಯಲ್ಲಿ ಆಯ್ದು ಎಸೆಯಲ್ಪಡುತ್ತದೆ.

ಎರಡನೆಯದು ಹೊಸ ಅತಿಥಿ. ದಕ್ಷಿಣ ಅಮೆರಿಕ ಮೂಲದ ಟ್ಯೂಟ ಅಬ್ಸಲ್ಯೂಟ ಎಂಬ ಊಜಿ ನೊಣದಷ್ಟೂ ದೊಡ್ಡದಲ್ಲದ ಸಣ್ಣ ಪತಂಗ. ಇದು 2006ರಲ್ಲಿ ಸ್ಪೇನ್ ದೇಶವನ್ನೂ, 2014ರಲ್ಲಿ ಭಾರತವನ್ನೂ ತಲಪಿತು. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿಯೇ ಮೊದಲು ಪತ್ತೆಯಾಯಿತು. ಇದರ ಮರಿಹುಳು ಎಲೆಯ ಎರಡು ಪದರಗಳ ನಡುವೆ ಸೇರಿ ಹಸಿರನ್ನು ಮೇಯುತ್ತದೆ; ಎಲೆಯ ಮೇಲೆ ಬಿಳಿಯ ಅಗಲವಾದ ಮಚ್ಚೆಗಳು ಕಾಣುತ್ತವೆ. ಬಳಿಕ ತೊಟ್ಟಿನ ಬಳಿಯಿಂದ ಕಾಯಿಯೊಳಗೂ ಇಳಿಯುತ್ತದೆ. ನಮ್ಮ ರೈತರು ಬಹುಕಾಲದಿಂದ ಬಲ್ಲ ರಂಗೋಲಿ ಹುಳುವು ಎಲೆಯ ಮೇಲೆ ಸಣ್ಣ ಅಂಕುಡೊಂಕು ಗೆರೆಯನ್ನಷ್ಟೇ ಬರೆಯುತ್ತದೆ ಹಾಗೂ ಕಾಯಿಯನ್ನು ಮುಟ್ಟುವುದಿಲ್ಲ. ಇವೆರಡನ್ನು ಒಂದೇ ಎಂದು ಭಾವಿಸಿ ಔಷಧಿ ಕೇಳುವವರೂ ಕೊಡುವವರೂ ಇದ್ದಾರೆ. ಟ್ಯೂಟ ಒಂದು ತಿಂಗಳ ಆಸುಪಾಸಿನಲ್ಲಿ ಒಂದು ತಲೆಮಾರು ಮುಗಿಸುತ್ತದೆ. ವರ್ಷದಲ್ಲಿ ಹತ್ತಕ್ಕೂ ಹೆಚ್ಚು ತಲೆಮಾರುಗಳು ಸಾಧ್ಯ. ಒಂದು ಹೆಣ್ಣು 200ಕ್ಕೂ ಮೇಲ್ಪಟ್ಟು ಮೊಟ್ಟೆಯಿಡಬಲ್ಲದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ.

ಮೂರನೆಯದು ಬಿಳಿನೊಣ. ಅದು ರಸ ಹೀರುವುದರಿಂದ ಆಗುವ ನಷ್ಟ ಅಲ್ಪ. ಅದು ಹೊತ್ತು ತರುವ ಎಲೆ ಮುದುಡು ನಂಜುರೋಗದಿಂದ ಆಗುವ ನಷ್ಟ ಅಪಾರ. ಈ ವಿಚಾರಕ್ಕೆ ಮುಂದೆ ಬರುತ್ತೇನೆ.

ಸಿಂಪಡಣೆಯ ಸಮತೋಲನ ಬಿಂದು

ಎಷ್ಟು ಮಾಲು ಮಾರಿದರೆ ಖರ್ಚು ಹುಟ್ಟುತ್ತದೆ ಎಂಬ ಲೆಕ್ಕವನ್ನು ನಮ್ಮ ಉದ್ದಿಮೆದಾರ ಸದಸ್ಯರೆಲ್ಲರೂ ಬಲ್ಲರು. ಇದೇ ತತ್ವವನ್ನು ಕೀಟಗಳಿಗೆ ಅನ್ವಯಿಸಿ 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಷ್ ಮತ್ತು ಹೇಗನ್ ಎಂಬ ನಾಲ್ವರು ಕೀಟಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ಕೀಟವಿದೆ ಎಂಬ ಒಂದೇ ಕಾರಣಕ್ಕೆ ಔಷಧಿ ಹೊಡೆಯುವುದು ಸರಿಯಲ್ಲ. ಕೀಟದಿಂದ ಆಗಲಿರುವ ನಷ್ಟವು ಸಿಂಪಡಣೆಯ ಖರ್ಚನ್ನು ಮೀರುವಂತಿದ್ದರೆ ಮಾತ್ರ ಹೊಡೆಯಬೇಕು ಎಂಬುದು ಅದರ ಸಾರ. ಇದನ್ನು ಆರ್ಥಿಕ ಹಾನಿಯ ಮಟ್ಟವೆಂದು ಕರೆಯುತ್ತಾರೆ.

ಒಂದು ಉದಾಹರಣೆಯ ಮೂಲಕ ನೋಡೋಣ. ಅಂಕಿಗಳು ಕೇವಲ ತಿಳಿವಳಿಕೆಗಾಗಿ; ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು. ಒಂದು ಎಕರೆಗೆ ಒಂದು ಸಿಂಪಡಣೆಗೆ ಔಷಧಿ 900 ರೂ., ಕೂಲಿ 600 ರೂ., ಪಂಪು ಬಾಡಿಗೆ ಮತ್ತು ನೀರು 300 ರೂ., ಒಟ್ಟು 1,800 ರೂ. ಎಂದಿಟ್ಟುಕೊಳ್ಳೋಣ. ಯಾವ ಔಷಧಿಯೂ ಪೂರ್ತಿ ಕೆಲಸ ಮಾಡುವುದಿಲ್ಲ, ಶೇ. 80ರಷ್ಟು ನಷ್ಟವನ್ನು ತಡೆಯುವುದೆಂದು ಭಾವಿಸೋಣ. 15 ಕೆ.ಜಿ. ಬಾಕ್ಸಿಗೆ ಕೊಯ್ಲಿನ ಕೂಲಿ, ಲಾರಿ ಬಾಡಿಗೆ, ಹಮಾಲಿ ಎಲ್ಲ ಕಳೆದು ರೈತನ ಕೈಗೆ 225 ರೂ. ಉಳಿಯುವುದಾದರೆ, ಖರ್ಚು ಹುಟ್ಟಲು ಎಂಟು ಬಾಕ್ಸು ಉಳಿಯಬೇಕು. ಎಂಟು ಉಳಿಯಬೇಕಾದರೆ ಹತ್ತು ಬಾಕ್ಸು, ಅಂದರೆ 150 ಕೆ.ಜಿ., ಹಾಳಾಗುವ ಅಪಾಯವಿರಬೇಕು. ಎಕರೆಗೆ 6,000 ಗಿಡ, ಹುಳುವಿರುವ ಪ್ರತಿ ಗಿಡದಲ್ಲಿ ಅರ್ಧ ಕೆ.ಜಿ. ನಷ್ಟ ಎಂದು ಹಿಡಿದರೆ, ನೂರು ಗಿಡಗಳಲ್ಲಿ ಐದರಲ್ಲಿ ಹುಳು ಕಂಡಾಗ ಸಿಂಪಡಣೆ ಸಮತೋಲನಕ್ಕೆ ಬರುತ್ತದೆ.

ಈಗ ಬೆಲೆಯನ್ನು ಬದಲಿಸಿ ನೋಡಿರಿ. ಬಾಕ್ಸಿಗೆ 600 ರೂ. ಕೈಗೆ ಉಳಿಯುವ ಕಾಲದಲ್ಲಿ ನಾಲ್ಕು ಬಾಕ್ಸಿಗಿಂತ ಕಡಿಮೆ ಅಪಾಯವಿದ್ದರೂ ಸಿಂಪಡಣೆ ಗಿಟ್ಟುತ್ತದೆ. ನೂರು ಗಿಡಗಳಲ್ಲಿ ಎರಡರಲ್ಲಿ ಹುಳುವಿದ್ದರೂ ಸಾಕು. ಬಾಕ್ಸಿಗೆ 60 ರೂ. ಮಾತ್ರ ಉಳಿಯುವ ಕಾಲದಲ್ಲಿ ಮೂವತ್ತೇಳೂವರೆ ಬಾಕ್ಸು ಹಾಳಾಗುವ ಭಯವಿದ್ದರೆ ಮಾತ್ರ ಗಿಟ್ಟುತ್ತದೆ. ನೂರರಲ್ಲಿ ಹತ್ತೊಂಬತ್ತು ಗಿಡಗಳಲ್ಲಿ ಹುಳುವಿರಬೇಕು. ಹುಳು ಅದೇ, ಔಷಧಿ ಅದೇ, ತೋಟವೂ ಅದೇ. ಬದಲಾದದ್ದು ಬೆಲೆ ಮಾತ್ರ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂ.ಗಳನ್ನು ದಾಟಿ, ಕೇಂದ್ರ ಸರ್ಕಾರವೇ ಟೊಮ್ಯಾಟೊ ಕೊಂಡು ನಗರಗಳಲ್ಲಿ ರಿಯಾಯಿತಿ ದರದಲ್ಲಿ ಮಾರಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ದರ ನೆಲ ಕಚ್ಚಿತ್ತು. ಇಂತಹ ಬೆಳೆಗೆ ಜುಲೈಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ ವಾರಕ್ಕೊಂದು ಸಿಂಪಡಣೆ ಎಂಬ ಒಂದೇ ನಿಯಮ ಹೇಗೆ ಹೊಂದೀತು?

ರೈತನು ಈ ಲೆಕ್ಕವನ್ನು ಮಾಡದಿರಲು ಕಾರಣ ಅಜ್ಞಾನವಲ್ಲ. ‘ಇಷ್ಟು ಹಾಕಿದ್ದೇನೆ, ಈಗ ಬಿಟ್ಟರೆ ಹಾಕಿದ್ದೆಲ್ಲ ಹೋಗುತ್ತದೆ’ ಎಂಬ ಮನೋಭಾವ. ಈಗಾಗಲೇ ಆಗಿಹೋದ ಖರ್ಚನ್ನು ಮುಂದಿನ ತೀರ್ಮಾನಕ್ಕೆ ತೆಗೆದುಕೊಳ್ಳಬಾರದೆಂದು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಕಾರ್ಖಾನೆ ನಡೆಸುವವರೇ ಅದನ್ನು ಪಾಲಿಸುವುದಿಲ್ಲ, ರೈತನನ್ನು ದೂರಿ ಫಲವೇನು. ಆದರೆ ಉದ್ರಿಯಲ್ಲಿ ಮಾಲು ಕೊಡುವ ವರ್ತಕನಿಗೆ ಈ ತತ್ವ ತಿಳಿದಿರಲೇಬೇಕು, ಏಕೆಂದರೆ ಬೆಲೆ ಬಿದ್ದ ಮೇಲೆ ಒಯ್ದ ಔಷಧಿಯ ಹಣವೇ ಕೊನೆಗೆ ಬಾರದ ಸಾಲವಾಗುವುದು.

ಹುಳುವನ್ನು ಎಣಿಸುವ ಕ್ರಮ ಕಷ್ಟದ್ದಲ್ಲ. ತೋಟದಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ ಅಲ್ಲಲ್ಲಿ ಒಟ್ಟು ಐವತ್ತು ಗಿಡಗಳನ್ನು ನೋಡಿ, ಮೊಟ್ಟೆ, ಹುಳು, ಹೊಸದಾಗಿ ಕೊರೆದ ಕಾಯಿಗಳನ್ನು ಬರೆದಿಡುವುದು, ವಾರಕ್ಕೆರಡು ಬಾರಿ. ಎಕರೆಗೆ ನಾಲ್ಕೈದು ಮೋಹಕ ಬಲೆಗಳನ್ನು ನೆಟ್ಟರೆ ಗಂಡು ಪತಂಗಗಳು ಬಂದು ಬೀಳುತ್ತವೆ. ಬೀಳುವ ಸಂಖ್ಯೆ ಏರುತ್ತಿದ್ದರೆ ಇನ್ನು ಕೆಲವೇ ದಿನಗಳಲ್ಲಿ ಮರಿಹುಳು ಬರಲಿದೆ ಎಂಬ ಮುನ್ಸೂಚನೆ ದೊರೆಯುತ್ತದೆ. ಕಾಯಿಕೊರಕಕ್ಕೂ ಟ್ಯೂಟಕ್ಕೂ ಬೇರೆ ಬೇರೆ ಮೋಹಕ ಗುಳಿಗೆಗಳಿರುವುದರಿಂದ ಯಾವುದಕ್ಕೆಂದು ಕೇಳಿ ಕೊಡಬೇಕು.

ಲೆಕ್ಕ ಅನ್ವಯಿಸದ ಕಡೆ

ಮೇಲ್ಕಂಡ ಲೆಕ್ಕ ಬಿಳಿನೊಣದ ವಿಷಯದಲ್ಲಿ ನಡೆಯದು. ನಂಜು ಒಮ್ಮೆ ಗಿಡದೊಳಗೆ ಸೇರಿದರೆ ಅದನ್ನು ತೆಗೆಯುವ ಔಷಧಿಯಿಲ್ಲ. ಎಳೆಯ ಸಸಿಗೆ ತಗುಲಿದರೆ ಆ ಗಿಡ ಕಾಯಿ ಕಟ್ಟುವುದೇ ಇಲ್ಲವೆನ್ನಬಹುದು. ಎಲೆ ಮುದುಡಿದ ಮೇಲೆ ಬಂದು ಬಾಟಲಿ ಕೇಳುವ ರೈತನಿಗೆ ಬಾಟಲಿ ಮಾರುವುದು, ಬೆಂಕಿ ಬಿದ್ದ ಮೇಲೆ ವಿಮೆ ಮಾರಿದಂತೆ. ಇಲ್ಲಿ ಖರ್ಚು ಮಾಡಬೇಕಾದದ್ದು ಮೊದಲೇ: ಸಸಿಮಡಿಗೆ ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆ, ತೋಟದಲ್ಲಿ ಹಳದಿ ಅಂಟು ಹಾಳೆಗಳು, ರೋಗ ಕಂಡ ಗಿಡವನ್ನು ಆರಂಭದಲ್ಲಿಯೇ ಕಿತ್ತು ಸುಡುವುದು, ಮತ್ತು ತಳಿಯ ಆಯ್ಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಸಂಕರಣ ತಳಿಗಳು ಎಲೆ ಮುದುಡು ನಂಜು, ದುಂಡಾಣು ಸೊರಗು ರೋಗ ಹಾಗೂ ಎಲೆಚುಕ್ಕೆ ಅಂಗಮಾರಿ ಈ ಮೂರಕ್ಕೂ ನಿರೋಧಕ ಶಕ್ತಿ ಹೊಂದಿವೆ. ಬೀಜದ ಬೆಲೆಯಲ್ಲಿನ ವ್ಯತ್ಯಾಸವನ್ನು ವಿಮಾ ಕಂತೆಂದು ಪರಿಗಣಿಸುವುದು ಉಚಿತ. ಪರದೆ, ಅಂಟು ಹಾಳೆಗಳನ್ನು ತಯಾರಿಸುವುದು ಸಣ್ಣ ಬಂಡವಾಳದ ಕೆಲಸವೆಂಬುದನ್ನೂ ಉದ್ದಿಮೆದಾರ ಸದಸ್ಯರು ಗಮನಿಸಬಹುದು.

ಬೆಲೆ ಬಿದ್ದಾಗ ಕೊಯ್ಯದೆ ಬಿಟ್ಟ ತೋಟವೂ ಈ ಲೆಕ್ಕದ ಹೊರಗಿನದೇ. ಬಿಟ್ಟವನಿಗೆ ಅದರಿಂದ ಹೊಸ ನಷ್ಟವಿಲ್ಲ; ಆದರೆ ಟ್ಯೂಟ ಮತ್ತು ಬಿಳಿನೊಣಗಳು ಅಲ್ಲಿ ನಿರಾತಂಕವಾಗಿ ಬೆಳೆದು ನೆರೆಯವನ ಹೊಸ ನಾಟಿಗೆ ಇಳಿಯುತ್ತವೆ. ಬಿಟ್ಟ ಗಿಡಗಳನ್ನು ಕಿತ್ತು ನಾಶಮಾಡಲು ತಗಲುವ ಒಂದು ದಿನದ ಕೂಲಿ, ಊರಿನ ಉಳಿದ ತೋಟಗಳ ಹಲವು ಸಿಂಪಡಣೆಗಳ ಖರ್ಚಿಗಿಂತ ಕಡಿಮೆ. ಈ ಕೂಲಿಯನ್ನು ಯಾರು ಕೊಡಬೇಕೆಂಬುದೇ ತೊಡಕು. ಒಂದೇ ಊರಿನ ಹತ್ತು ಬೆಳೆಗಾರರಿಗೆ ಉದ್ರಿ ಕೊಟ್ಟಿರುವ ವರ್ತಕನೇ ಅದನ್ನು ಭರಿಸಿದರೂ ಅವನಿಗೆ ನಷ್ಟವಾಗದು ಎಂಬುದು ನನ್ನ ಅಭಿಪ್ರಾಯ.

ರಾಸಾಯನಿಕವಲ್ಲದ ಮಾಲು ಮತ್ತು ತೆರಿಗೆ

ಇದೇ ತೋಟಗಾರಿಕಾ ಸಂಸ್ಥೆ ರೂಪಿಸಿದ ಒಂದು ಸರಳ ಪದ್ಧತಿ ಚೆಂಡು ಹೂವಿನದು. ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವು ನೆಡಬೇಕು. ಎರಡೂ ಏಕಕಾಲಕ್ಕೆ ಹೂ ಬಿಡಲೆಂದು 45 ದಿನದ ಚೆಂಡು ಸಸಿಯನ್ನು 25 ದಿನದ ಟೊಮ್ಯಾಟೊ ಸಸಿಯೊಡನೆ ನಾಟಿ ಮಾಡುವುದು. ಕಾಯಿಕೊರಕದ ಪತಂಗ ಟೊಮ್ಯಾಟೊಗಿಂತ ಚೆಂಡು ಹೂವಿನ ಮೊಗ್ಗಿನ ಮೇಲೆ ಮೊಟ್ಟೆಯಿಡಲು ಹೆಚ್ಚು ಇಷ್ಟಪಡುತ್ತದೆ. ಇದರೊಂದಿಗೆ ಎನ್‌ಪಿವಿ ಎಂಬ, ಕಾಯಿಕೊರಕಕ್ಕೆ ಮಾತ್ರ ತಗಲುವ ನಂಜಾಣುವಿನ ದ್ರಾವಣವನ್ನು ಎಕರೆಗೆ 100 ಎಲ್‌.ಇ. ಪ್ರಮಾಣದಲ್ಲಿ ಸಂಜೆಯ ವೇಳೆ ಸಿಂಪಡಿಸಬೇಕು. ಬಿಸಿಲಿಗೆ ಅದು ಶಕ್ತಿಗುಂದುತ್ತದೆ. ಹುಳು ಎಳೆಯದಿದ್ದಾಗ ಮಾತ್ರ ಫಲ. ಬಲಿತ ಹುಳುವಿಗೆ ನಾಟದು. ಚೆಂಡು ಹೂವು ಮಾರಾಟವಾಗುವುದರಿಂದ ಆ ಸಾಲಿನ ಜಾಗ ಪೂರ್ತಿ ವ್ಯರ್ಥವಲ್ಲ. ದಸರಾ, ದೀಪಾವಳಿಗೆ ಕೂಡಿಬಂದರೆ ಲಾಭವೇ. ಮೊಟ್ಟೆಯನ್ನೇ ನಾಶಮಾಡುವ ಟ್ರೈಕೋಗ್ರಾಮ ಪರತಂತ್ರ ಜೀವಿಯ ಕಾರ್ಡುಗಳೂ ಉಂಟು. ಕಾರ್ಡು ಕಟ್ಟಿದ ಮರುದಿನವೇ ಎಲ್ಲ ಕೀಟವನ್ನೂ ಕೊಲ್ಲುವ ಔಷಧಿ ಹೊಡೆದರೆ ಕಾರ್ಡಿನ ಹಣವೂ ಹೋಯಿತು.

ತೆರಿಗೆಯ ಅಂಶವನ್ನು ವರ್ತಕರು ವಿಶೇಷವಾಗಿ ನೆನಪಿಡಬೇಕು. ರಾಸಾಯನಿಕ ಕೀಟನಾಶಕಗಳ ಮೇಲೆ ಜಿಎಸ್‌ಟಿ ಶೇ. 18. ಬೇವು ಆಧಾರಿತ ಕೀಟನಾಶಕ, ಹೆಲಿಕೋವರ್ಪದ ಎನ್‌ಪಿವಿ, ಬ್ಯಾಸಿಲಸ್ ಥುರಿಂಜಿಯೆನ್ಸಿಸ್‌ನ ಕುರ್ಸ್ಟಾಕಿ ಬಗೆ, ಬ್ಯೂವೇರಿಯ ಬ್ಯಾಸಿಯಾನ ಮೊದಲಾದ ಹನ್ನೆರಡು ಜೈವಿಕ ಕೀಟನಾಶಕಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ದರವನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ರೈತನಿಗೆ ಹೂಡುವಳಿ ತೆರಿಗೆ ಜಮೆ ದೊರೆಯದಿರುವುದರಿಂದ ಕಟ್ಟಿದ ತೆರಿಗೆಯೆಲ್ಲ ಅವನ ಖರ್ಚೇ: 1,000 ರೂ. ಮಾಲಿಗೆ ಒಂದರಲ್ಲಿ 180 ರೂ., ಇನ್ನೊಂದರಲ್ಲಿ 50 ರೂ. ‘ಜೈವಿಕ’ ಎಂದು ಬಾಟಲಿಯ ಮೇಲೆ ಅಚ್ಚಾದ ಮಾತ್ರಕ್ಕೆ ಈ ದರ ಅನ್ವಯಿಸದು, ಪಟ್ಟಿಯಲ್ಲಿ ಹೆಸರಿರಬೇಕು. ನೋಂದಣಿ ಸಂಖ್ಯೆಯಿಲ್ಲದೆ, ಗಿಡಕ್ಕೂ ಬಲ, ಹುಳುವಿಗೂ ಮದ್ದು ಎಂದು ಮಾರುವ ಮಾಲಿನಿಂದ ದೂರವಿರುವುದು ಕ್ಷೇಮ. ಜೈವಿಕ ಉತ್ತೇಜಕಗಳನ್ನು 2021ರಲ್ಲಿಯೇ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಕೀಟ ಕೊಲ್ಲುತ್ತದೆ ಎನ್ನುವ ಯಾವುದೇ ವಸ್ತು 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿಯಾಗಿರಬೇಕು.

ಹೆಸರು ನೂರು, ಗುಂಪು ಒಂದು

ಕಪಾಟಿನಲ್ಲಿ ಹತ್ತು ಹೆಸರಿನ ಬಾಟಲಿಗಳಿದ್ದರೂ ಅವುಗಳೊಳಗಿನ ಔಷಧಿ ಹುಳುವನ್ನು ಕೊಲ್ಲುವ ವಿಧಾನ ಒಂದೇ ಆಗಿರಬಹುದು. ಕ್ಲೋರಾಂಟ್ರಾನಿಲಿಪ್ರೋಲ್ ಮತ್ತು ಫ್ಲೂಬೆಂಡಿಯಮೈಡ್ ಎರಡೂ 28ನೆಯ ಗುಂಪಿಗೆ ಸೇರಿದವು. ಕಳೆದ ವಾರ ಒಂದು, ಈ ವಾರ ಇನ್ನೊಂದು ಕೊಟ್ಟರೆ ಔಷಧಿ ಬದಲಿಸಿದಂತಾಗಲಿಲ್ಲ. ಬದುಕುಳಿದ ಹುಳುಗಳ ಸಂತತಿಯೇ ಬೆಳೆಯುತ್ತದೆ. ಇಟಲಿಯಲ್ಲಿ ಟ್ಯೂಟ ಹುಳುವು ಈ ಗುಂಪಿನ ಔಷಧಿಗೆ ಬಗ್ಗದಂತಾದುದು 2015ರ ವೇಳೆಗಾಗಲೇ ವರದಿಯಾಗಿತ್ತು. ಬಿಲ್ಲಿನಲ್ಲಿ ಮಾಲಿನ ಹೆಸರಿನ ಪಕ್ಕದಲ್ಲಿ ಗುಂಪಿನ ಸಂಖ್ಯೆಯನ್ನು ಬರೆಯುವ ರೂಢಿ ಮಾಡಿಕೊಂಡರೆ, ಮುಂದಿನ ಬಾರಿ ಬಂದ ರೈತನಿಗೆ ಬೇರೆ ಗುಂಪಿನದನ್ನು ಕೊಡಲು ಸುಲಭ.

ಲೇಬಲ್ಲಿನಲ್ಲಿ ಟೊಮ್ಯಾಟೊ ಬೆಳೆಯ ಹೆಸರಿದೆಯೇ, ಸಿಂಪಡಿಸಿದ ಎಷ್ಟು ದಿನಗಳ ನಂತರ ಕೊಯ್ಯಬೇಕು ಎಂಬೆರಡು ಸಂಗತಿಗಳನ್ನು ಓದಿ ಹೇಳುವುದು ಮಾರುವವನ ಹೊಣೆ. ಮಾನೋಕ್ರೋಟೋಫಾಸ್ ಅನ್ನು ತರಕಾರಿಗೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಯಿತು. ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿತು. ಟೊಮ್ಯಾಟೊವನ್ನು ಎರಡು–ಮೂರು ದಿನಕ್ಕೊಮ್ಮೆ ಕೊಯ್ಯುವುದರಿಂದ, ಐದು ದಿನ ಕಾಯಬೇಕೆಂದು ಬರೆದ ಔಷಧಿಯನ್ನು ಕೊಯ್ಲಿನ ಕಾಲದಲ್ಲಿ ಕೊಟ್ಟರೆ ಅದನ್ನು ಪಾಲಿಸುವುದು ಯಾರಿಗೂ ಸಾಧ್ಯವಾಗದು. ಅಂಥ ಮಾಲು ಹೂ ಬಿಡುವ ಮೊದಲಿನ ಹಂತಕ್ಕೆ. ಕೊಯ್ಲು ಆರಂಭವಾದ ಮೇಲೆ ಕಡಿಮೆ ದಿನಗಳ ಔಷಧಿ ಅಥವಾ ಎನ್‌ಪಿವಿ, ಬೇವು. ಸಾಸ್ ಮತ್ತು ಪೇಸ್ಟ್ ತಯಾರಕರು ಈ ಅಂಶವನ್ನು ಕೊಳ್ಳುವಾಗಲೇ ವಿಚಾರಿಸಬೇಕು. ಒಂದು ಕೆ.ಜಿ. ಗಟ್ಟಿ ಪೇಸ್ಟಿಗೆ ಐದಾರು ಕೆ.ಜಿ. ಹಣ್ಣು ಬೇಕು, ನೀರು ಆರಿಹೋದರೂ ಹಣ್ಣಿನೊಳಗೆ ಸೇರಿದ ಔಷಧಿಯ ಉಳಿಕೆ ಆರಿಹೋಗುವುದೆಂಬ ಭರವಸೆಯಿಲ್ಲ. ಮೇಲೆ ಅಂಟಿದ್ದು ತೊಳೆದರೆ ಬಹುಪಾಲು ಹೋದೀತು, ಒಳಗೆ ಹೀರಿದ್ದು ಹೋಗದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರನ್ವಯ ಮಾದರಿ ತೆಗೆದಾಗ ಮೊದಲು ಉತ್ತರಿಸಬೇಕಾದವನು ಲೇಬಲ್ಲಿನಲ್ಲಿ ಹೆಸರು ಅಚ್ಚು ಹಾಕಿಸಿದ ತಯಾರಕನೇ.

ವರ್ತಕರ ಪುಸ್ತಕದ ಕೆಲವು ಅಂಶಗಳು

ಕೀಟನಾಶಕವನ್ನು ಬಿಲ್ಲಿಲ್ಲದೆ ಮಾರುವಂತಿಲ್ಲ. ಉದ್ರಿಯಾದರೂ ಉದ್ರಿ ಬಿಲ್ಲು ಬೇಕು. ತಿನ್ನುವ ಪದಾರ್ಥಗಳನ್ನು ಇಟ್ಟ ಅಥವಾ ಮಾರುವ ಕಟ್ಟಡದಲ್ಲಿಯೇ ಕೀಟನಾಶಕವನ್ನು ಇಡುವಂತಿಲ್ಲ. ದಿನಸಿ ಅಂಗಡಿಯ ಹಿಂಗೋಡೆಗೆ ಔಷಧಿ ಜೋಡಿಸಿಟ್ಟಿರುವ ಸದಸ್ಯರಿದ್ದರೆ ಇಂದೇ ಸ್ಥಳ ಬದಲಿಸುವುದು ಲೇಸು. ಅವಧಿ ಮೀರಿದ ಮಾಲನ್ನು ಪ್ರತ್ಯೇಕವಾಗಿ, ಮಾರಾಟಕ್ಕಲ್ಲ ಎಂದು ಗುರುತು ಮಾಡಿ ಇಡತಕ್ಕದ್ದು. ಮಾರುವವರಿಗೆ ಕನಿಷ್ಠ ವಿದ್ಯಾರ್ಹತೆಯನ್ನು 2017ರ ತಿದ್ದುಪಡಿ ನಿಯಮಗಳು ವಿಧಿಸಿವೆ. ಕೃಷಿ ಪದವಿಯಿಲ್ಲದ ಹಳೆಯ ವರ್ತಕರಿಗೆ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಆರಂಭಿಸಿದ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಉಪಯುಕ್ತ. ತರಗತಿಗಳು ವಾರಕ್ಕೊಮ್ಮೆಯಾದ್ದರಿಂದ ಅಂಗಡಿ ಮುಚ್ಚಬೇಕಾಗಿಲ್ಲ.

ಉದ್ರಿ ಮಾರಾಟದಲ್ಲಿ ಬಹಳ ಮಂದಿ ಕಾಣದ ಒಂದು ನಷ್ಟವಿದೆ. 1,000 ರೂ. ಮಾಲಿಗೆ 180 ರೂ. ತೆರಿಗೆಯನ್ನು ಮಾರಿದ ತಿಂಗಳ ಲೆಕ್ಕದಲ್ಲಿಯೇ ಸರ್ಕಾರಕ್ಕೆ ಕಟ್ಟಿಯಾಗಿರುತ್ತದೆ. ರೈತ ಹಣ ಕೊಡದಿದ್ದರೆ ಬಾರದ ಸಾಲವನ್ನು ಪುಸ್ತಕದಲ್ಲಿ ತೊಡೆದು ಆದಾಯ ತೆರಿಗೆಯಲ್ಲಿ ಕಳೆಯಬಹುದಾದರೂ, ಕಟ್ಟಿದ ಜಿಎಸ್‌ಟಿ ಹಿಂದಿರುಗದು. ಇತ್ತ ವಿತರಕನಿಗೆ ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ ಪಡೆದ ತೆರಿಗೆ ಜಮೆಯನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು; ಹಣ ಕೊಟ್ಟ ಮೇಲೆ ಜಮೆಯನ್ನು ಮತ್ತೆ ಪಡೆಯಬಹುದು, ಬಡ್ಡಿ ಮಾತ್ರ ಹೋದದ್ದೇ. ನಾಟಿಯಿಂದ ಕೊನೆಯ ಕೊಯ್ಲು, ಅಲ್ಲಿಂದ ವಸೂಲಿ ಎಂದು ಎಣಿಸಿದರೆ ಆರು ತಿಂಗಳು ದಾಟುವುದು ಎಷ್ಟು ಹೊತ್ತು?

ಮಾರ್ಚ್ 31ರ ದಾಸ್ತಾನು ಪಟ್ಟಿಯಲ್ಲಿ ಅವಧಿ ಮೀರಿದ ಔಷಧಿಯನ್ನು ಕೊಂಡ ಬೆಲೆಗೆ ತೋರಿಸುವ ಅಭ್ಯಾಸ ಇನ್ನೂ ಉಳಿದಿದೆ. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿ ಬರಬಹುದಾದ ಬೆಲೆ, ಎರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ನಿಯಮ. ಮಾರಲಾಗದ ಮಾಲಿನ ಬೆಲೆ ಸೊನ್ನೆ. ಅದನ್ನು ತೊಡೆದುಹಾಕಿದಾಗ ಅಥವಾ ನಾಶಪಡಿಸಿದಾಗ, ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಕೊಳ್ಳುವಾಗ ಪಡೆದ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಅವಧಿ ಮುಗಿಯಲು ಮೂರು–ನಾಲ್ಕು ತಿಂಗಳಿರುವಾಗಲೇ ಕಂಪೆನಿಗೆ ಮಾಲು ಹಿಂದಿರುಗಿಸಿ ಕ್ರೆಡಿಟ್ ನೋಟ್ ಪಡೆಯಲು ಒಪ್ಪಂದದಲ್ಲಿ ಅವಕಾಶವಿದೆಯೇ ಎಂಬುದನ್ನು, ಮುಂದಿನ ಹಂಗಾಮಿನ ಬೇಡಿಕೆ ಪಟ್ಟಿ ಕಳುಹಿಸುವ ಮೊದಲು ನೋಡಿಕೊಳ್ಳತಕ್ಕದ್ದು.